ಸಂಪರ್ಕ ಸಿಕ್ಕಿದೆ, ಫೋಲ್ಡರ್ ತೆರೆಯುತ್ತಿಲ್ಲ: ವಿಪಿಎನ್ ಕುರಿತು ಓದುಗರ ಪ್ರಶ್ನೆಗಳು

ಕಲಬುರಗಿ, ಬೀದರ್ ಮತ್ತು ಯಾದಗಿರಿ ಭಾಗದ ಓದುಗರು ಮನೆಯಿಂದ ಕಚೇರಿಯ ಜಾಲಕ್ಕೆ ವಿಪಿಎನ್ (ಇಂಟರ್ನೆಟ್ಟಿನೊಳಗೆ ಸುರಂಗದಂತೆ ಸಾಗುವ ಖಾಸಗಿ ಸಂಪರ್ಕ) ಜೋಡಿಸುವ ಬಗ್ಗೆ ಬರೆದ ನಾಲ್ಕು ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲ ಪತ್ರಕ್ಕೆ ಹೆಚ್ಚು ಜಾಗ ಹೋಗಿದೆ. ಅದರಲ್ಲಿರುವ ತೊಡಕನ್ನು ಜನ ತಿಂಗಳುಗಟ್ಟಲೆ ವಿಪಿಎನ್‌ನ ತಲೆಗೆ ಕಟ್ಟಿ ಸುಮ್ಮನಿರುತ್ತಾರೆ, ದೋಷ ಮಾತ್ರ ಬೇರೆ ಕಡೆ ಇರುತ್ತದೆ.

ಪ್ರಶ್ನೆ: ಕಲಬುರಗಿಯ ದಾಲ್ ಮಿಲ್ ಒಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ತೊಗರಿ ಹಂಗಾಮಿನಲ್ಲಿ ರಾತ್ರಿಯೂ ಕೆಲಸವಿರುವುದರಿಂದ ಮಾಲೀಕರು ಕಚೇರಿಯ ರೌಟರಿನಲ್ಲಿ ಓಪನ್‌ವಿಪಿಎನ್ ಎಂಬ ವಿಪಿಎನ್ ಹಾಕಿಸಿ, ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ತೆಗೆದುಕೊಂಡು, ನನ್ನ ಲ್ಯಾಪ್‌ಟಾಪಿಗೆ ಪ್ರೊಫೈಲ್ ಫೈಲ್ ಕೊಡಿಸಿದ್ದಾರೆ. ಸೇಡಂ ರಸ್ತೆಯ ನಮ್ಮ ಮನೆಯಿಂದ ಜೋಡಿಸಿದರೆ ‘ಕನೆಕ್ಟೆಡ್’ ಎಂದು ಹಸಿರು ಗುರುತು ಬರುತ್ತದೆ. ಟ್ಯಾಲಿ ಇರುವ ಕಂಪ್ಯೂಟರಿನ ವಿಳಾಸ 192.168.1.10. ಅದಕ್ಕೆ ಪಿಂಗ್ (ಯಂತ್ರ ಓಗೊಡುತ್ತದೆಯೇ ಎಂದು ನೋಡುವ ಆಜ್ಞೆ) ಮಾಡಿದರೆ ಉತ್ತರವೂ ಬರುತ್ತದೆ, ಆದರೆ ಶೇರ್ ಮಾಡಿದ ಫೋಲ್ಡರ್ ತೆರೆಯುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿದರೆ ಅದೇ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತದೆ. ರೌಟರ್ ಕೂರಿಸಿದವರು ಬ್ರಾಡ್‌ಬ್ಯಾಂಡಿನವರನ್ನು ಕೇಳಿ ಎನ್ನುತ್ತಾರೆ, ಬ್ರಾಡ್‌ಬ್ಯಾಂಡಿನವರು ನಮ್ಮ ಲೈನ್ ಸರಿ ಇದೆ ಎನ್ನುತ್ತಾರೆ. ಯಾರನ್ನು ಹಿಡಿಯಬೇಕು?

ಉತ್ತರ: ಯಾರನ್ನೂ ಹಿಡಿಯಬೇಕಾಗಿಲ್ಲ. ಉತ್ತರ ನಿಮ್ಮ ಪತ್ರದಲ್ಲಿಯೇ ಇದೆ. ಹಾಟ್‌ಸ್ಪಾಟ್‌ನಿಂದ ತೆರೆಯುವ ಫೋಲ್ಡರ್ ಮನೆಯ ವೈಫೈನಿಂದ ತೆರೆಯುವುದಿಲ್ಲ ಎಂದಮೇಲೆ ಬಳಕೆದಾರರ ಹೆಸರು, ಪಾಸ್‌ವರ್ಡ್, ಪ್ರೊಫೈಲ್ ಫೈಲ್, ಕಚೇರಿಯ ರೌಟರ್, ಸ್ಟ್ಯಾಟಿಕ್ ಐಪಿ ಇವಿಷ್ಟೂ ಸರಿಯಾಗಿವೆ ಎಂದಾಯಿತು. ಉಳಿದದ್ದು ನಿಮ್ಮ ಮನೆಯ ಜಾಲ. ಅಲ್ಲಿಯೂ ಲೈನಿನ ತಪ್ಪಿಲ್ಲ. ನಿಮ್ಮ ಮನೆಯ ರೌಟರ್ ಮತ್ತು ಮಿಲ್ಲಿನ ರೌಟರ್ ಎರಡೂ 192.168.1 ಎಂದು ಆರಂಭವಾಗುವ ಒಂದೇ ಸಾಲಿನ ವಿಳಾಸಗಳನ್ನು ಹಂಚುತ್ತಿವೆ ಎಂದು ನಾನು ಹೆಚ್ಚುಕಡಿಮೆ ಖಾತ್ರಿಯಿಂದ ಹೇಳಬಲ್ಲೆ.

ಇದನ್ನು ಇವತ್ತೇ ಪರೀಕ್ಷಿಸಿ ನೋಡಬಹುದು. ವಿಪಿಎನ್ ಅನ್ನು ಪೂರ್ತಿಯಾಗಿ ಬಿಡಿಸಿ, ಮನೆಯ ವೈಫೈ ಮೇಲೆಯೇ 192.168.1.10ಕ್ಕೆ ಮತ್ತೆ ಪಿಂಗ್ ಮಾಡಿ. ಆಗಲೂ ಉತ್ತರ ಬಂದರೆ, ಇಷ್ಟು ದಿನ ಉತ್ತರ ಕೊಡುತ್ತಿದ್ದದ್ದು ಮಿಲ್ಲಿನ ಕಂಪ್ಯೂಟರ್ ಅಲ್ಲ, ನಿಮ್ಮ ಮನೆಯದೇ ಟಿವಿಯೋ ಇನ್ನೊಬ್ಬರ ಮೊಬೈಲೋ ಆಗಿರುತ್ತದೆ. ಟಿವಿಯ ಬಳಿ ಲೆಕ್ಕದ ಫೋಲ್ಡರ್ ಇರುವುದಿಲ್ಲವಾದ್ದರಿಂದ ಅದು ಪಿಂಗ್‌ಗೆ ಓಗೊಟ್ಟು ಫೋಲ್ಡರ್ ಕೇಳಿದಾಗ ಸುಮ್ಮನಾಗುತ್ತದೆ. ಬಳಿಕ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ ಆಜ್ಞೆ ಕೊಟ್ಟು ವೈಫೈ ಹೆಸರಿನ ಕೆಳಗಿರುವ ಐಪಿವಿ4 ವಿಳಾಸ ನೋಡಿ. ಅದರ ಮೊದಲ ಮೂರು ಸಂಖ್ಯೆಗಳು ಮಿಲ್ಲಿನ ವಿಳಾಸದ ಮೊದಲ ಮೂರು ಸಂಖ್ಯೆಗಳೇ ಆಗಿದ್ದರೆ ಸಂಶಯಕ್ಕೆ ಎಡೆಯಿಲ್ಲ.

ಹೀಗಾಗುವುದಕ್ಕೆ ಕಾರಣ ಸರಳ. ಖಾಸಗಿ ಜಾಲಗಳ ಬಳಕೆಗೆಂದು 1990ರ ದಶಕದಲ್ಲಿ ಮೂರು ವಿಳಾಸ ಸಾಲುಗಳನ್ನು ಗೊತ್ತುಪಡಿಸಲಾಯಿತು: 10ರಿಂದ ಆರಂಭವಾಗುವ ಎಲ್ಲ ವಿಳಾಸಗಳು, 172.16ರಿಂದ 172.31ರವರೆಗಿನವು, ಮತ್ತು 192.168ರವು. ಇವು ಯಾರೊಬ್ಬರ ಸ್ವತ್ತೂ ಅಲ್ಲ, ಯಾರ ಮನೆಯಲ್ಲಿಯೂ ಇರಬಹುದು. ಇಷ್ಟು ವಿಶಾಲವಾದ ಬಯಲಿದ್ದರೂ ರೌಟರ್ ತಯಾರಿಸುವವರಲ್ಲಿ ಹೆಚ್ಚಿನವರು 192.168.0 ಅಥವಾ 192.168.1 ಅನ್ನೇ ಇಟ್ಟು ಪೆಟ್ಟಿಗೆ ಕಟ್ಟುತ್ತಾರೆ, ಕೂರಿಸುವವರು ಅದನ್ನು ಹಾಗೆಯೇ ಬಿಟ್ಟು ಹೋಗುತ್ತಾರೆ. ಗಂಜಿನ ಒಂದು ಗಲ್ಲಿಯಲ್ಲಿ ನಿಂತು ಹಮಾಲರಿಗೆ ‘ಈ ಚೀಲವನ್ನು 10ನೆಯ ನಂಬರಿನ ಅಂಗಡಿಗೆ ಹಾಕಿ ಬಾ’ ಎಂದರೆ, ಅದೇ ಗಲ್ಲಿಯಲ್ಲಿ 10ನೆಯ ಅಂಗಡಿ ಇರುವಾಗ ಅವರು ಆಚೆ ಗಲ್ಲಿಗೆ ಏಕೆ ಹೋಗುತ್ತಾರೆ? ಲ್ಯಾಪ್‌ಟಾಪ್ ಮಾಡುವುದೂ ಅಷ್ಟೇ. ತಾನಿರುವ ಸಾಲಿನದೇ ವಿಳಾಸ ಕಂಡೊಡನೆ ‘ಇದು ಮನೆಯೊಳಗಿನದು’ ಎಂದು ವೈಫೈನಲ್ಲಿಯೇ ಹುಡುಕುತ್ತದೆ, ವಿಪಿಎನ್ ಸುರಂಗದ ಕಡೆ ತಿರುಗಿಯೂ ನೋಡುವುದಿಲ್ಲ. ಹಾಟ್‌ಸ್ಪಾಟ್‌ನಲ್ಲಿ ಮೊಬೈಲ್ ಬೇರೆಯದೇ ಸಾಲನ್ನು ಹಂಚುವುದರಿಂದ (ಐಫೋನ್ ಆದರೆ 172.20.10) ಅಲ್ಲಿ ಈ ಗೊಂದಲವಿಲ್ಲ.

ಹಾಗಾದರೆ ಯಾವ ಕಡೆಯ ಸಾಲನ್ನು ಬದಲಿಸಬೇಕು? ಇವತ್ತಿನ ರಾತ್ರಿಯ ಕೆಲಸ ನಡೆಯಬೇಕೆಂದರೆ ಮನೆಯದನ್ನು ಬದಲಿಸಿ. ಬ್ರೌಸರಿನಲ್ಲಿ 192.168.1.1 ತೆರೆದು, ಲ್ಯಾನ್ ವಿಭಾಗದಲ್ಲಿ ರೌಟರಿನ ವಿಳಾಸವನ್ನು 192.168.57.1 ಎಂದು ಮಾಡಿ, ಡಿಎಚ್‌ಸಿಪಿ (ಸಾಧನಗಳಿಗೆ ತಾನಾಗಿಯೇ ವಿಳಾಸ ಕೊಡುವ ವ್ಯವಸ್ಥೆ) ಹಂಚುವ ಸಂಖ್ಯೆಗಳೂ ಅದೇ ಸಾಲಿಗೆ ಬಂದಿವೆಯೇ ಎಂದು ನೋಡಿ ಉಳಿಸಿದರೆ ಸಾಕು. ರೌಟರ್ ಒಮ್ಮೆ ಆರಿ ಹತ್ತಿ, ಮನೆಯ ಎಲ್ಲ ಸಾಧನಗಳೂ ಹೊಸ ಸಂಖ್ಯೆ ಪಡೆಯುತ್ತವೆ. ಆದರೆ ಮಿಲ್ಲಿನ ಮಾಲೀಕರಿಗೆ ನಾನು ಹೇಳುವುದು ಬೇರೆ. ನಾಳೆ ಅವರೇ ಯಾವುದೋ ಊರಿನ ಲಾಡ್ಜಿನ ವೈಫೈನಿಂದ ಲೆಕ್ಕ ನೋಡಲು ಹೊರಟರೆ ಅಲ್ಲಿಯೂ 192.168.1 ಇರಬಹುದು, ಲಾಡ್ಜಿನ ರೌಟರನ್ನು ಬದಲಿಸುವುದು ಅವರ ಕೈಯಲ್ಲಿಲ್ಲ. ಆದ್ದರಿಂದ ಮಿಲ್ಲಿಗೆ ರಜೆಯಿರುವ ಒಂದು ದಿನ ಕಚೇರಿಯ ಸಾಲನ್ನೇ 10.58.21ರಂತಹ, ಯಾರೂ ಸುಲಭವಾಗಿ ಆಯ್ದುಕೊಳ್ಳದ ಸಂಖ್ಯೆಗೆ ಬದಲಿಸುವುದು ಮೇಲು. 10.8.0 ಬೇಡ, ಅದು ಓಪನ್‌ವಿಪಿಎನ್ ತನ್ನ ಸುರಂಗಕ್ಕಾಗಿ ರೂಢಿಯಲ್ಲಿ ಇಟ್ಟುಕೊಳ್ಳುವ ಸಾಲು. ಬದಲಿಸುವ ದಿನ ಪ್ರಿಂಟರ್, ಸಿಸಿಟಿವಿಯ ಡಿವಿಆರ್, ಹಾಜರಿ ಯಂತ್ರ ಮುಂತಾದ, ವಿಳಾಸವನ್ನು ಕೈಯಾರೆ ಬರೆದಿಟ್ಟ ಸಾಧನಗಳನ್ನು ಮರೆತರೆ ಮರುದಿನ ಬೆಳಗ್ಗೆ ಇನ್‌ವಾಯ್ಸ್ ಪ್ರಿಂಟ್ ಬರುತ್ತಿಲ್ಲವೆಂದು ಗಲಾಟೆಯಾಗುತ್ತದೆ. ಮೊದಲೇ ಒಂದು ಹಾಳೆಯಲ್ಲಿ ಪಟ್ಟಿ ಮಾಡಿಕೊಳ್ಳಲಿ. ವಿಪಿಎನ್ ಸೆಟ್ಟಿಂಗಿನಲ್ಲಿರುವ ದಾರಿಯೂ (ರೂಟ್) ಹೊಸ ಸಾಲಿಗೆ ಬದಲಾಗಿದೆ ಎಂದು ನೋಡಿಕೊಂಡು ನಿಮ್ಮ ಪ್ರೊಫೈಲ್ ಫೈಲನ್ನು ಹೊಸದಾಗಿ ತೆಗೆಸಿಕೊಳ್ಳಿ.

ಇಷ್ಟಾದ ಮೇಲೆ ಫೋಲ್ಡರ್ ತೆರೆಯುವಾಗ ಕಂಪ್ಯೂಟರಿನ ಹೆಸರನ್ನು ಹಾಕದೆ, ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಸಂಖ್ಯೆಯನ್ನೇ ಬರೆಯಿರಿ. ಸಣ್ಣ ಕಚೇರಿಗಳಲ್ಲಿ ಹೆಸರು ಪತ್ತೆಯಾಗುವುದು ಒಂದು ಯಂತ್ರ ಇಡೀ ಜಾಲಕ್ಕೆ ಕೂಗಿ ಕೇಳುವ ಪದ್ಧತಿಯಿಂದ, ಆ ಕೂಗು ಸುರಂಗವನ್ನು ದಾಟುವುದಿಲ್ಲ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಫೋಲ್ಡರ್ ತೆರೆದುಕೊಂಡ ಮೇಲೆ ಅದರಲ್ಲಿರುವ ಟ್ಯಾಲಿ ಕಂಪನಿಯನ್ನು ಮನೆಯ ಲ್ಯಾಪ್‌ಟಾಪಿನ ಟ್ಯಾಲಿಯಿಂದ ನೇರವಾಗಿ ತೆರೆಯಲು ಹೋಗಬೇಡಿ. ಲೆಕ್ಕದ ತಂತ್ರಾಂಶಗಳು ಡೇಟಾ ಫೈಲಿನಿಂದ ಚಿಕ್ಕ ಚಿಕ್ಕ ತುಣುಕುಗಳನ್ನು ಸಾವಿರಾರು ಸಲ ಓದಿ ಬರೆಯುತ್ತವೆ. ಕಚೇರಿಯೊಳಗಿನ ಕೇಬಲ್ಲಿನ ಮೇಲೆ ಒಂದು ಸಲದ ಹೋಗಿಬರುವಿಕೆಗೆ ಒಂದು ಮಿಲಿಸೆಕೆಂಡೂ ಬೇಕಾಗುವುದಿಲ್ಲ, ವಿಪಿಎನ್ ಮೇಲೆ ಅದೇ 20ರಿಂದ 40 ಮಿಲಿಸೆಕೆಂಡ್ ಆದರೆ ಒಂದು ಲೆಡ್ಜರ್ ತೆರೆಯುವಷ್ಟರಲ್ಲಿ ಚಹಾ ಆರಿಹೋಗುತ್ತದೆ. ವೋಚರ್ ಉಳಿಸುವ ನಡುವೆ ಸಂಪರ್ಕ ಕಡಿದರೆ ಡೇಟಾ ಕೆಡುವ ಅಪಾಯವೂ ಇದೆ. ಅದರ ಬದಲು ವಿಪಿಎನ್ ಜೋಡಿಸಿ, ಅದರೊಳಗಿನಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಮಿಲ್ಲಿನ ಕಂಪ್ಯೂಟರಿನಲ್ಲಿಯೇ ಕೆಲಸ ಮಾಡಿ. ಆಗ ತಂತಿಯ ಮೇಲೆ ಓಡಾಡುವುದು ಪರದೆಯ ಚಿತ್ರ, ಕೀಬೋರ್ಡ್ ಮತ್ತು ಮೌಸ್ ಮಾತ್ರ. ನಡುವೆ ಕಡಿದರೂ ಅರ್ಧ ಬರೆದ ವೋಚರ್ ಅಲ್ಲಿಯೇ ನಿಮ್ಮನ್ನು ಕಾಯುತ್ತಿರುತ್ತದೆ. ಇದಕ್ಕೆ ಆ ಕಂಪ್ಯೂಟರಿನಲ್ಲಿ ವಿಂಡೋಸ್‌ನ ಪ್ರೋ ಆವೃತ್ತಿ ಇರಬೇಕು, ಹೋಮ್ ಆವೃತ್ತಿ ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪ್ ಸ್ವೀಕರಿಸುವುದಿಲ್ಲ. ಪ್ರೋ ಆವೃತ್ತಿಯಲ್ಲಿಯೂ ಒಂದು ಸಮಯಕ್ಕೆ ಒಬ್ಬರಿಗೇ ಅವಕಾಶವಿರುವುದರಿಂದ, ನೀವು ಮನೆಯಿಂದ ಕುಳಿತೊಡನೆ ಅಲ್ಲಿಯ ಪರದೆ ಬೀಗ ಹಾಕಿಕೊಳ್ಳುತ್ತದೆ. ರಾತ್ರಿ ಪಾಳಿಯಲ್ಲಿ ಯಾರಾದರೂ ಅದೇ ಕಂಪ್ಯೂಟರಿನಲ್ಲಿ ತೂಕದ ಚೀಟಿ ಮಾಡುತ್ತಿದ್ದರೆ ಮೊದಲು ಫೋನ್ ಮಾಡಿ ಹೇಳಿಬಿಡಿ.

ಇನ್ನು ಕರೆಂಟಿನ ಮಾತು. ಮಿಲ್ಲಿನಲ್ಲಿ ಕರೆಂಟ್ ಹೋಗಿ ಬಂದಾಗ ರೌಟರ್ ತಾನಾಗಿಯೇ ಎದ್ದುಕೊಳ್ಳುತ್ತದೆ, ಕಂಪ್ಯೂಟರ್ ಏಳುವುದಿಲ್ಲ. ಬಯೋಸ್ (ಕಂಪ್ಯೂಟರ್ ಹೊತ್ತಿದೊಡನೆ ಮೊದಲು ಓಡುವ ಮೂಲ ತಂತ್ರಾಂಶ) ಸೆಟ್ಟಿಂಗಿನಲ್ಲಿ ಕರೆಂಟ್ ಮರಳಿದಾಗ ಯಂತ್ರ ಏನು ಮಾಡಬೇಕೆಂಬ ಆಯ್ಕೆ ಇರುತ್ತದೆ, ಅದನ್ನು ‘ಪವರ್ ಆನ್’ಗೆ ಇಡಿಸಿ. ವಿಂಡೋಸ್‌ನಲ್ಲಿ ಸ್ಲೀಪ್ ಅನ್ನು ‘ನೆವರ್’ ಮಾಡಿಸಿ. ಜಿಎಸ್‌ಟಿ ವಿವರಪಟ್ಟಿಯಾದ ಜಿಎಸ್‌ಟಿಆರ್-3ಬಿ ತುಂಬುವ 20ನೆಯ ತಾರೀಖಿನ ರಾತ್ರಿ ಮಲಗಿರುವ ಕಂಪ್ಯೂಟರನ್ನು ಎಬ್ಬಿಸಲು ವಾಚ್‌ಮನ್‌ಗೆ ಫೋನ್ ಮಾಡುವ ಪಾಡು ಆಗ ತಪ್ಪುತ್ತದೆ. ರೌಟರನ್ನು ತಗಡಿನ ಶೀಟಿನ ಕೆಳಗೆ ಇಟ್ಟಿದ್ದರೆ ಅದನ್ನೂ ಕೆಳಗಿಳಿಸಿ. ನಮ್ಮ ಕಡೆಯ ಮೇ ತಿಂಗಳ ಬಿಸಿಲಿಗೆ ಮನುಷ್ಯರೇ ಅಲ್ಲಿ ನಿಲ್ಲಲಾರರು.

ಪ್ರಶ್ನೆ: ಹೈದರಾಬಾದಿನ ಕಂಪನಿಯೊಂದರ ಕೆಲಸವನ್ನು ಬೀದರಿನ ಮನೆಯಿಂದ ಮಾಡುತ್ತೇನೆ. ಕಂಪನಿ ಕೊಟ್ಟಿರುವುದು ವೈರ್‌ಗಾರ್ಡ್ ಎಂಬ ವಿಪಿಎನ್. ಲಾಗಿನ್ ಆಗುತ್ತದೆ, ಚಾಟ್ ಸಂದೇಶಗಳು ಹೋಗುತ್ತವೆ. ಆದರೆ ಕಂಪನಿಯ ಒಳಗಿನ ವೆಬ್ ಪುಟಗಳು ಅರ್ಧ ತೆರೆದು ನಿಲ್ಲುತ್ತವೆ, ದೊಡ್ಡ ಫೈಲ್ ಕಳಿಸಿದರೆ ಸೊನ್ನೆಯಲ್ಲಿಯೇ ಉಳಿಯುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಕಚೇರಿಯ ಕಡೆಯಿಂದ ಬರಬೇಕಾದ ಸೂಚನೆಗಳೂ ಬರುವುದಿಲ್ಲ. ಲೈನಿನ ವೇಗ ಹೆಚ್ಚಿಸಿಕೊಂಡರೂ ಪ್ರಯೋಜನವಾಗಲಿಲ್ಲ.

ಉತ್ತರ: ವೇಗಕ್ಕೆ ಕೊಟ್ಟ ಹೆಚ್ಚಿನ ಹಣ ಈ ತೊಂದರೆಗೆ ಮದ್ದಲ್ಲ. ಚಿಕ್ಕದು ಹೋಗುತ್ತದೆ, ದೊಡ್ಡದು ನಿಲ್ಲುತ್ತದೆ ಎಂಬುದು ಪೊಟ್ಟಣದ (ಜಾಲದ ಮೇಲೆ ಡೇಟಾ ಸಾಗುವ ತುಣುಕು, ಪ್ಯಾಕೆಟ್) ಗಾತ್ರದ ತೊಂದರೆಯ ಗುರುತು. ಈಥರ್ನೆಟ್‌ನಲ್ಲಿ ಒಂದು ಪೊಟ್ಟಣ ಹೆಚ್ಚೆಂದರೆ 1500 ಬೈಟ್. ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಹಾಕಿ ಜೋಡಿಸುವ ಪಿಪಿಪಿಒಇ ಬಗೆಯ ಬ್ರಾಡ್‌ಬ್ಯಾಂಡ್ ಅದರಲ್ಲಿ 8 ಬೈಟ್ ತಾನು ತೆಗೆದುಕೊಳ್ಳುವುದರಿಂದ ಉಳಿಯುವುದು 1492. ವೈರ್‌ಗಾರ್ಡ್ ಪ್ರತಿ ಪೊಟ್ಟಣಕ್ಕೂ ತನ್ನದೊಂದು ಹೊದಿಕೆ ಹಾಕುತ್ತದೆ, ಹಳೆಯ ವಿಳಾಸ ಪದ್ಧತಿಯಾದ ಐಪಿವಿ4 ಮೇಲೆ ಅದು 60 ಬೈಟ್, ಹೊಸ ಪದ್ಧತಿಯಾದ ಐಪಿವಿ6 ಮೇಲೆ 80. ಅದು ಸಾಮಾನ್ಯವಾಗಿ ಒಳಗಿನ ಗಾತ್ರವನ್ನು 1420 ಎಂದು ಇಟ್ಟುಕೊಳ್ಳುತ್ತದೆ. ಐಪಿವಿ6 ಮೇಲೆ 1420ಕ್ಕೆ 80 ಸೇರಿದರೆ 1500 ಆಯಿತು, ದಾರಿ ಇರುವುದು 1492ರದು. ಎಂಟೇ ಬೈಟ್ ಹೆಚ್ಚಾದರೂ ಪೊಟ್ಟಣ ಅಲ್ಲಿಯೇ ಸಿಕ್ಕಿಬೀಳುತ್ತದೆ. ‘ದೊಡ್ಡದಾಯಿತು, ಚಿಕ್ಕದು ಮಾಡಿ ಕಳಿಸು’ ಎಂದು ಹಿಂದಕ್ಕೆ ಬರಬೇಕಾದ ಸಂದೇಶವನ್ನು ನಡುವಿನ ಯಾವುದೋ ಫೈರ್‌ವಾಲ್ ತಡೆದಿದ್ದರೆ ನಿಮ್ಮ ಕಂಪ್ಯೂಟರಿಗೆ ಕಾರಣ ತಿಳಿಯುವುದೇ ಇಲ್ಲ, ಅದು ಅದೇ ಪೊಟ್ಟಣವನ್ನು ಮತ್ತೆ ಮತ್ತೆ ಕಳಿಸುತ್ತಿರುತ್ತದೆ.

ವಿಪಿಎನ್ ಬಿಡಿಸಿ ನಿಮ್ಮ ಲೈನಿನ ಅಳತೆ ತೆಗೆಯಿರಿ. ವಿಂಡೋಸ್‌ನ ಪಿಂಗ್ ಆಜ್ಞೆಗೆ, ಪೊಟ್ಟಣವನ್ನು ಒಡೆಯಬಾರದೆಂದು ಹೇಳುವ ‘ಎಫ್’ ಮತ್ತು ಗಾತ್ರ ಹೇಳುವ ‘ಎಲ್’ ಸ್ವಿಚ್‌ಗಳನ್ನು ಸೇರಿಸಿ 8.8.8.8ಕ್ಕೆ 1472 ಗಾತ್ರದಲ್ಲಿ ಕಳಿಸಿ ನೋಡಿ. ಅದು ಹೋಗದೆ 1464 ಹೋದರೆ, ತಲೆಬರಹದ 28 ಬೈಟ್ ಕೂಡಿಸಿದಾಗ ನಿಮ್ಮ ದಾರಿ 1492ರದು ಎಂದು ಗೊತ್ತಾಗುತ್ತದೆ. ಅನಂತರ ವೈರ್‌ಗಾರ್ಡ್ ಸಂರಚನೆಯ ‘ಇಂಟರ್‌ಫೇಸ್’ ಭಾಗದಲ್ಲಿ ಪೊಟ್ಟಣದ ಗರಿಷ್ಠ ಗಾತ್ರ ಹೇಳುವ ಎಂಟಿಯು 1380 ಎಂದು ಒಂದು ಸಾಲು ಸೇರಿಸಿದರೆ ಬಹುತೇಕ ಲೈನುಗಳಲ್ಲಿ ಪುಟಗಳು ಪೂರ್ತಿ ತೆರೆದುಕೊಳ್ಳುತ್ತವೆ. ಮೊಬೈಲ್ ಡೇಟಾದಲ್ಲಿ ಅದೂ ಸಾಲದಿದ್ದರೆ 1280ರವರೆಗೆ ಇಳಿಸಬಹುದು. ಅದಕ್ಕಿಂತ ಕೆಳಗೆ ಇಳಿಸಿದರೆ ಐಪಿವಿ6 ನಡೆಯುವುದಿಲ್ಲ.

ಸುಮ್ಮನಿದ್ದಾಗ ಸೂಚನೆಗಳು ಬಾರದಿರುವುದು ಬೇರೆ ಸಂಗತಿ. ಮನೆಯ ರೌಟರ್ ಹೊರಗೆ ಹೋದ ಪ್ರತಿ ಸಂವಾದವನ್ನೂ ಸ್ವಲ್ಪ ಹೊತ್ತು ಮಾತ್ರ ನೆನಪಿನಲ್ಲಿಡುತ್ತದೆ. ವೈರ್‌ಗಾರ್ಡ್ ಕೆಲಸವಿಲ್ಲದಾಗ ಮಾತಾಡುವ ಜಾಯಮಾನದ್ದಲ್ಲವಾದ್ದರಿಂದ ರೌಟರ್ ಅದನ್ನು ಮರೆತುಬಿಡುತ್ತದೆ, ಆಮೇಲೆ ಕಚೇರಿಯಿಂದ ಬಂದದ್ದನ್ನು ಯಾರಿಗೆ ಕೊಡಬೇಕೆಂದು ಅದಕ್ಕೆ ತಿಳಿಯುವುದಿಲ್ಲ. ‘ಪೀರ್’ ಭಾಗದಲ್ಲಿ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಎಂದು ಹಾಕಿದರೆ 25 ಸೆಕೆಂಡಿಗೊಮ್ಮೆ ಒಂದು ಪುಟ್ಟ ಪೊಟ್ಟಣ ಹೋಗಿ ದಾರಿ ತೆರೆದಿರುತ್ತದೆ. ಈ ಎರಡೂ ಬದಲಾವಣೆಗಳನ್ನು ಕಂಪನಿಯ ಐಟಿ ವಿಭಾಗಕ್ಕೆ ತಿಳಿಸಿಯೇ ಮಾಡಿ, ಫೈಲ್ ಅವರದು.

ಪ್ರಶ್ನೆ: ಯಾದಗಿರಿಯಲ್ಲಿ ಬೀಜ ಮತ್ತು ರಸಗೊಬ್ಬರದ ಅಂಗಡಿ, ಶಹಾಪುರದಲ್ಲಿ ಅದರ ಶಾಖೆ ಇದೆ. ಶಾಖೆಯಿಂದ ಮುಖ್ಯ ಅಂಗಡಿಯ ಕಂಪ್ಯೂಟರ್ ನೋಡಬೇಕು. ಮುಖ್ಯ ಅಂಗಡಿಯಲ್ಲಿ ಇರುವುದು ಸಿಮ್ ಹಾಕುವ 4ಜಿ ರೌಟರ್. ಅದರಲ್ಲಿ ಪಿಪಿಟಿಪಿ ಎಂಬ ವಿಪಿಎನ್ ಇದೆ, ಹಾಕಿದರೂ ಶಾಖೆಯಿಂದ ಜೋಡಣೆಯಾಗಲಿಲ್ಲ. ಪರಿಚಯದ ತಂತ್ರಜ್ಞರೊಬ್ಬರು ‘ಫೈಬರ್ ಹಾಕಿಸಿ, ವಿಪಿಎನ್ ಬಿಟ್ಟು 3389 ಪೋರ್ಟ್ ತೆರೆದುಬಿಡಿ’ ಎಂದಿದ್ದಾರೆ. ಹಾಗೆ ಮಾಡಬಹುದೆ?

ಉತ್ತರ: ಮಾಡಬೇಡಿ. 3389 ರಿಮೋಟ್ ಡೆಸ್ಕ್‌ಟಾಪಿನ ಪೋರ್ಟ್, ಅಂದರೆ ಹೊರಗಿನಿಂದ ಆ ಸೇವೆಗೆ ಬರುವ ಬಾಗಿಲಿನ ಸಂಖ್ಯೆ. ಅದನ್ನು ಇಂಟರ್ನೆಟ್ಟಿಗೆ ನೇರವಾಗಿ ತೆರೆದಿಟ್ಟರೆ ಪಾಸ್‌ವರ್ಡ್ ಊಹಿಸುವ ಯಂತ್ರಗಳು ಹಗಲು ರಾತ್ರಿ ಬಾಗಿಲು ಬಡಿಯುತ್ತವೆ. ಅಂಗಡಿಯ ಕಡತಗಳಿಗೆಲ್ಲ ಬೀಗ ಹಾಕಿ ಹಣ ಕೇಳುವವರು ಒಳನುಗ್ಗುವ ದಾರಿಗಳಲ್ಲಿ ಇದು ಪ್ರಸಿದ್ಧವಾದುದು. ಪೋರ್ಟ್ ಸಂಖ್ಯೆಯನ್ನು 3390 ಮಾಡಿದರೆ ಬಾಗಿಲಿನ ಬಣ್ಣ ಬದಲಿಸಿದಂತಾಯಿತೇ ಹೊರತು ಚಿಲಕ ಹಾಕಿದಂತಾಗಲಿಲ್ಲ. ಪಿಪಿಟಿಪಿಯೂ ಬೇಡ. ಅದರ ಪಾಸ್‌ವರ್ಡ್ ಪದ್ಧತಿಯನ್ನು ಒಡೆಯಬಹುದೆಂದು 2012ರಲ್ಲಿಯೇ ಬಹಿರಂಗವಾಗಿ ತೋರಿಸಿಕೊಟ್ಟಾಗಿದೆ, ಆ್ಯಪಲ್ 2016ರಲ್ಲಿ ತನ್ನ ಸಾಧನಗಳಿಂದ ಅದನ್ನು ತೆಗೆದುಹಾಕಿತು.

ನಿಮ್ಮಲ್ಲಿ ಜೋಡಣೆಯಾಗದಿರುವುದಕ್ಕೆ ಕಾರಣ ಸಿಮ್. ರೌಟರಿನ ಪುಟದಲ್ಲಿ ವ್ಯಾನ್ ಐಪಿ ಎಂದಿರುವ ಸಂಖ್ಯೆಯನ್ನು ಬರೆದುಕೊಂಡು, ‘ನನ್ನ ಐಪಿ ಯಾವುದು’ ಎಂದು ತೋರಿಸುವ ಯಾವುದಾದರೂ ಜಾಲತಾಣದಲ್ಲಿ ಬರುವ ಸಂಖ್ಯೆಯೊಂದಿಗೆ ಹೋಲಿಸಿ. ಎರಡೂ ಬೇರೆಯಾಗಿದ್ದು ರೌಟರಿನದು 100.64ರಿಂದ 100.127ರ ನಡುವೆ ಅಥವಾ 10ರಿಂದ ಆರಂಭವಾಗಿದ್ದರೆ, ನಿಮ್ಮಂತಹ ಅನೇಕ ಗ್ರಾಹಕರು ಒಂದೇ ಹೊರ ವಿಳಾಸದ ಹಿಂದೆ ಇದ್ದೀರಿ ಎಂದರ್ಥ. ಒಂದೇ ಟೆಲಿಫೋನ್ ನಂಬರಿನ ಹಿಂದೆ ಹತ್ತು ಎಕ್ಸ್‌ಟೆನ್ಷನ್ ಇರುವ ಕಚೇರಿಯಲ್ಲಿ ಒಳಗಿನವರು ಹೊರಗೆ ಮಾತಾಡಬಹುದು, ಹೊರಗಿನವರು ನೇರವಾಗಿ ಒಂದು ಮೇಜಿಗೆ ಫೋನ್ ಮಾಡಲಾಗುವುದಿಲ್ಲ. ಇಲ್ಲಿಯೂ ಹಾಗೆಯೇ.

ಫೈಬರ್ ಸಿಗುವುದಾದರೆ ಹಾಕಿಸಿ, ಅದರೊಂದಿಗೆ ಪಬ್ಲಿಕ್ ಸ್ಟ್ಯಾಟಿಕ್ ಐಪಿಯನ್ನೂ ಕೇಳಿ ಪಡೆದು, ವೈರ್‌ಗಾರ್ಡ್ ಅಥವಾ ಓಪನ್‌ವಿಪಿಎನ್ ಇರುವ ರೌಟರ್ ಇಟ್ಟುಕೊಳ್ಳಿ. ಸಿಗದಿದ್ದರೆ ಟೇಲ್‌ಸ್ಕೇಲ್ ಅಥವಾ ಝೀರೋಟಿಯರ್ ಎಂಬ ಸೇವೆಗಳನ್ನು ನೋಡಿ. ಇವುಗಳಲ್ಲಿ ಎರಡೂ ಕಡೆಯ ಕಂಪ್ಯೂಟರುಗಳು ತಾವೇ ಹೊರಗೆ ಹೋಗಿ ನಡುವೆ ಒಂದನ್ನೊಂದು ಕಂಡುಕೊಳ್ಳುವುದರಿಂದ ಯಾವ ಪೋರ್ಟನ್ನೂ ತೆರೆಯಬೇಕಾಗಿಲ್ಲ, ಸ್ಟ್ಯಾಟಿಕ್ ಐಪಿಯೂ ಬೇಡ. ಎರಡೇ ಅಂಗಡಿಗಳ ವ್ಯವಹಾರಕ್ಕೆ ನನಗಂತೂ ಇದೇ ಸಾಕೆನಿಸುತ್ತದೆ. ಆದರೆ ಆ ಸೇವೆಯಲ್ಲಿ ತೆರೆದ ಖಾತೆ ಯಾರ ಕೈಯಲ್ಲಿದೆಯೋ ಅಂಗಡಿಯ ಜಾಲವೂ ಅವರ ಕೈಯಲ್ಲಿರುತ್ತದೆ. ಖಾತೆಯನ್ನು ತಂತ್ರಜ್ಞರ ಇಮೇಲಿನಲ್ಲಿ ತೆರೆಸದೆ ನಿಮ್ಮದರಲ್ಲಿಯೇ ತೆರೆದು, ಎರಡು ಹಂತದ ದೃಢೀಕರಣ ಹಾಕಿಕೊಳ್ಳಿ. ಕೆಲಸ ಬಿಟ್ಟು ಹೋದವರ ಕಂಪ್ಯೂಟರನ್ನು ಅದೇ ದಿನ ಪಟ್ಟಿಯಿಂದ ತೆಗೆಯಿರಿ.

ಪ್ರಶ್ನೆ: ಕಲಬುರಗಿಯಲ್ಲಿ ಖಾಸಗಿ ಕಚೇರಿಯ ನೌಕರ. ಮೊಬೈಲಿನಲ್ಲಿ ಕಚೇರಿಯ ವಿಪಿಎನ್ ಇದೆ. ಈಚೆಗೆ ಉಚಿತ ವಿಪಿಎನ್ ಆ್ಯಪ್ ಒಂದನ್ನು ಹಾಕಿಕೊಂಡ ಮೇಲೆ ಕಚೇರಿಯದು ತಾನಾಗಿಯೇ ಬಿಟ್ಟುಹೋಗುತ್ತದೆ. ಎರಡೂ ಒಂದೇ ಅಲ್ಲವೆ? ವಿಪಿಎನ್ ಬಳಸುವುದು ಕಾನೂನಿಗೆ ವಿರುದ್ಧ ಎಂದೂ ಕೆಲವರು ಹೆದರಿಸುತ್ತಾರೆ.

ಉತ್ತರ: ತಂತ್ರ ಒಂದೇ, ಹೋಗಿ ಸೇರುವ ಜಾಗ ಬೇರೆ. ಕಚೇರಿಯ ವಿಪಿಎನ್ ನಿಮ್ಮನ್ನು ಕಚೇರಿಯೊಳಗೆ ಬಿಡುತ್ತದೆ, ಉಚಿತ ಆ್ಯಪ್ ನಿಮ್ಮ ಸಂಚಾರವನ್ನೆಲ್ಲ ನಿಮಗೆ ಪರಿಚಯವಿಲ್ಲದ ಯಾವುದೋ ಕಂಪನಿಯ ಸರ್ವರಿಗೆ ಒಯ್ದು ಅಲ್ಲಿಂದ ಇಂಟರ್ನೆಟ್ಟಿಗೆ ಬಿಡುತ್ತದೆ. ಕಚೇರಿಯ ಕೆಲಸಕ್ಕೆ ಅದರಿಂದ ಉಪಯೋಗವಿಲ್ಲ.

ಭಾರತದಲ್ಲಿ ವಿಪಿಎನ್ ಬಳಕೆಯೇ ಅಪರಾಧವೆಂದು ಹೇಳುವ ಕಾನೂನು ಇಲ್ಲ, ವಿಪಿಎನ್ ಬಳಸಿ ಮಾಡಿದ ಅಪರಾಧ ಅಪರಾಧವೇ. ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಿಇಆರ್‌ಟಿ-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ, ವಿಪಿಎನ್ ಸೇವೆ ಮಾರುವವರು ಗ್ರಾಹಕರ ಹೆಸರು, ವಿಳಾಸ, ಸಂಪರ್ಕ ಸಂಖ್ಯೆ, ಕೊಟ್ಟ ಐಪಿ ಮುಂತಾದ ವಿವರಗಳನ್ನು ಗ್ರಾಹಕ ಸೇವೆ ಬಿಟ್ಟ ಮೇಲೂ 5 ವರ್ಷ ಕಾಪಾಡಬೇಕೆಂದು ಹೇಳಿತು. ಜನ ಹೆದರಿಸುತ್ತಿರುವುದು ಇದನ್ನೇ ಅರ್ಧಂಬರ್ಧ ಕೇಳಿಕೊಂಡು. ಕಂಪನಿಗಳು ತಮ್ಮ ನೌಕರರಿಗಾಗಿ ನಡೆಸುವ ವಿಪಿಎನ್‌ಗೆ ಆ ನಿಯಮ ಅನ್ವಯಿಸುವುದಿಲ್ಲವೆಂದು ಅದೇ ಸಂಸ್ಥೆ ಮುಂದಿನ ತಿಂಗಳು ಸ್ಪಷ್ಟಪಡಿಸಿದೆ.

ತಾನಾಗಿಯೇ ಬಿಟ್ಟುಹೋಗುವುದಕ್ಕೆ ಕಾರಣ ಆಂಡ್ರಾಯ್ಡ್‌ನ ನಿಯಮ. ಒಂದು ಪ್ರೊಫೈಲಿನಲ್ಲಿ ಒಂದು ಸಮಯಕ್ಕೆ ಒಂದೇ ವಿಪಿಎನ್‌ಗೆ ಜಾಗ, ಎರಡನೆಯದು ಎದ್ದರೆ ಮೊದಲನೆಯದು ಬೀಳುತ್ತದೆ. ಉಚಿತ ಆ್ಯಪ್ ತೆಗೆದುಹಾಕಿ, ಸೆಟ್ಟಿಂಗ್ಸ್‌ನ ವಿಪಿಎನ್ ಪುಟದಲ್ಲಿ ಅದರ ಹೆಸರು ಉಳಿದಿದ್ದರೆ ಅಳಿಸಿ, ಅದಕ್ಕೆ ‘ಆಲ್ವೇಸ್ ಆನ್’ ಕೊಟ್ಟಿದ್ದೀರಾ ಎಂಬುದನ್ನೂ ಅಲ್ಲಿಯೇ ನೋಡಿಕೊಂಡು ಫೋನನ್ನು ಒಮ್ಮೆ ಆರಿಸಿ ಹಚ್ಚಿ.